ಬಿಲ್ಡ್ ಫೋಲ್ಡರಿನಲ್ಲಿ ಓಡುತ್ತದೆ, ಇನ್‌ಸ್ಟಾಲ್ ಮಾಡಿದ ಮೇಲೆ ಲೈಬ್ರರಿ ಸಿಗಲಿಲ್ಲ ಎನ್ನುತ್ತದೆ

ಸಪ್ತಾಪುರ_ಓದುಗ (ಧಾರವಾಡ) · ಮಂಗಳವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಎರರ್ ಮುಂದೆ ಕೂತಿದ್ದೇನೆ. ಗೊತ್ತಿದ್ದವರು ದಾರಿ ತೋರಿಸಿ.

ನಾವು ಧಾರವಾಡದಲ್ಲಿ ನಾಲ್ಕೈದು ಜನ ಸೇರಿ ಹಳೆ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಕ್ಷರ ತೆಗೆಯುವ ಕೆಲಸ ಮಾಡುತ್ತಿದ್ದೇವೆ. ಜಾಸ್ತಿ ಗದಗ-ಬೆಟಗೇರಿ ಕಡೆ ಅಚ್ಚಾದ ಪುರಾಣ, ಬಯಲಾಟದ ಪುಸ್ತಕ, ಪಂಚಾಂಗ. ಕೆಲವು ಎಷ್ಟು ಹಳೆಯವೆಂದರೆ ಹಾಳೆ ತಿರುವಿದರೆ ಅಂಚು ಪುಡಿಯಾಗಿ ಕೈಗೆ ಬರುತ್ತದೆ. ಇನ್ನೊಂದು ಮಳೆಗಾಲ ಕಾಯುವ ಹಾಗಿಲ್ಲ.

ಅಕ್ಷರ ಓದಿಸಲು ಟೆಸರಾಕ್ಟ್ ಬಳಸುತ್ತೇವೆ. ಲ್ಯಾಬಿನಲ್ಲಿರುವುದು ಉಬುಂಟು 22.04, ಅದರ ಪ್ಯಾಕೇಜಿನಲ್ಲಿ ಸಿಗುವುದು 4.1.1. ನಮಗೆ 5 ಬೇಕು, ಯಾಕೆಂದರೆ 5ರಲ್ಲಿ ಒಳಗಿನ ಲೆಕ್ಕವನ್ನು ಡಬಲ್ ಬದಲು ಅದರ ಅರ್ಧ ಜಾಗ ಸಾಕಾಗುವ ಫ್ಲೋಟ್‌ನಲ್ಲಿ ಮಾಡುತ್ತಾರೆ, ಹಳೆ ಕಂಪ್ಯೂಟರಿನಲ್ಲಿ ಅದು ದೊಡ್ಡ ಉಳಿತಾಯ. ಲ್ಯಾಬಿನಲ್ಲಿ ನನಗೆ ಸುಡೊ (ಅಡ್ಮಿನ್ ಅಧಿಕಾರ) ಇಲ್ಲ. ಹಾಗಾಗಿ ಲೆಪ್ಟೋನಿಕಾ (ಟೆಸರಾಕ್ಟ್‌ಗೆ ಬೇಕಾದ ಚಿತ್ರ ಓದುವ ಲೈಬ್ರರಿ), ಟೆಸರಾಕ್ಟ್ ಎರಡನ್ನೂ ಸೋರ್ಸ್‌ನಿಂದ ಕಾನ್ಫಿಗರ್-ಮೇಕ್ ಮಾಡಿ ನನ್ನ ಹೋಮ್ ಒಳಗಿನ .ಲೋಕಲ್ ಫೋಲ್ಡರಿಗೇ ಹಾಕಿದೆ. ಟೆಸರಾಕ್ಟ್ ಕಮಾಂಡ್ ಚೆನ್ನಾಗಿ ಓಡುತ್ತದೆ.

ತೊಂದರೆ ಇರುವುದು ನಮ್ಮದೇ ಪುಟ್ಟ ಪ್ರೋಗ್ರಾಂನಲ್ಲಿ. ‘ಪುಟನೋಟ’ ಅಂತ ಹೆಸರಿಟ್ಟಿದ್ದೇವೆ, ಸಿ++ನಲ್ಲಿದೆ, ಟಿಫ್ ಚಿತ್ರ ಓದಿ, ಅಂಚು ಕತ್ತರಿಸಿ, ಟೆಸರಾಕ್ಟ್ ಲೈಬ್ರರಿಗೆ ಕೊಡುತ್ತದೆ. ಸಿಮೇಕ್ ಅನ್ನುವ ಉಪಕರಣದಿಂದ ಬಿಲ್ಡ್ ಮಾಡುತ್ತೇವೆ. ಬಿಲ್ಡ್ ಫೋಲ್ಡರಿನಿಂದ ಓಡಿಸಿದರೆ ಒಂದು ತಕರಾರೂ ಇಲ್ಲ. ಅದನ್ನೇ ‘ಮೇಕ್ ಇನ್‌ಸ್ಟಾಲ್’ ಮಾಡಿ .ಲೋಕಲ್/ಬಿನ್‌ನಿಂದ ಓಡಿಸಿದರೆ ಹೀಗೆ ಬರುತ್ತದೆ:

“ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್: ಲಿಬ್‌ಟೆಸರಾಕ್ಟ್.ಎಸ್ಒ.5: ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ”

ಫೈಲ್ ಇಲ್ಲ ಅಂತ ಹೇಳುತ್ತಿದೆ, ಆದರೆ .ಲೋಕಲ್/ಲಿಬ್‌ನಲ್ಲಿ ‘ಎಲ್ಎಸ್’ ಹೊಡೆದರೆ ಕಣ್ಣೆದುರಿಗೇ ಇದೆ. ಪರ್ಮಿಷನ್ ಸರಿ ಇದೆ. ಬಿಲ್ಡ್ ಮಾಡುವಾಗ ಹೈಫನ್ ದೊಡ್ಡ ಎಲ್ ಕೊಟ್ಟು ಲೈಬ್ರರಿ ಎಲ್ಲಿದೆ ಅಂತಲೂ ಹೇಳಿದ್ದೇನೆ. ಒಂದೇ ಪ್ರೋಗ್ರಾಂ, ಒಂದೇ ಯಂತ್ರ. ಎರಡು ಜಾಗದಲ್ಲಿ ಎರಡು ಥರ ಯಾಕೆ ನಡೆದುಕೊಳ್ಳುತ್ತದೆ?

ಬೆಟಗೇರಿ_ಪ್ರೆಸ್ (ಗದಗ) · ಮಂಗಳವಾರ ರಾತ್ರಿ 11:05

ತಮ್ಮಾ, ನನಗೂ ಹೀಗೇ ಆಗಿತ್ತು. ಬ್ಯಾಷ್‌ಆರ್‌ಸಿ ಫೈಲಿನಲ್ಲಿ (ಟರ್ಮಿನಲ್ ತೆರೆದಾಗಲೆಲ್ಲ ಓದಿಸಿಕೊಳ್ಳುವ ಫೈಲ್) ಎಲ್‌ಡಿ_ಲೈಬ್ರರಿ_ಪಾತ್ (ಲೈಬ್ರರಿ ಎಲ್ಲಿ ಹುಡುಕಬೇಕು ಅಂತ ಹೇಳುವ ವೇರಿಯಬಲ್) ಅಂತ ಒಂದು ಸಾಲು ಹಾಕಿ, ನಿಮ್ಮ .ಲೋಕಲ್/ಲಿಬ್ ದಾರಿ ಕೊಡಿ. ಟರ್ಮಿನಲ್ ಮುಚ್ಚಿ ತೆಗೆಯಿರಿ. ಓಡುತ್ತದೆ. ನಾನು ಎರಡು ವರ್ಷದಿಂದ ಹಾಗೇ ನಡೆಸುತ್ತಿದ್ದೇನೆ.

ಅಂದ ಹಾಗೆ ಗದಗಿನ ಹಳೆ ಪುಸ್ತಕ ಅಂದಿರಲ್ಲ, ನಮ್ಮ ಅಜ್ಜನ ಕಾಲದ ಮೊಳೆ ಜೋಡಿಸಿ ಅಚ್ಚು ಹಾಕಿದ ಪ್ರತಿಗಳು ಪ್ರೆಸ್ಸಿನ ಅಟ್ಟದ ಮೇಲೆ ಎರಡು ಪೆಟ್ಟಿಗೆ ಇವೆ. ಊರಿಗೆ ಮುದ್ರಣ ಕಾಶಿ ಅಂತ ಹೆಸರಿದ್ದ ಕಾಲದವು. ನಿಮ್ಮ ಪ್ರೋಗ್ರಾಂ ಸರಿಯಾದರೆ ನನಗೂ ಕೊಡಿ.

ಉಣಕಲ್_ಕೆರೆದಂಡೆ (ಹುಬ್ಬಳ್ಳಿ) · ಬುಧವಾರ ಬೆಳಿಗ್ಗೆ 6:50

ಬೆಟಗೇರಿ ಅಣ್ಣ ಹೇಳಿದ್ದು ಓಡುತ್ತದೆ, ಅದು ನಿಜ. ಆದರೆ ಆ ಸಾಲನ್ನು ಬ್ಯಾಷ್‌ಆರ್‌ಸಿಯಲ್ಲಿ ಕಾಯಂ ಇಡಬೇಡಿ. ಕಾರಣ ಆಮೇಲೆ ಹೇಳುತ್ತೇನೆ. ಮೊದಲು ಸಪ್ತಾಪುರದವರ ಪ್ರಶ್ನೆಗೆ ಬರೋಣ, ಯಾಕೆಂದರೆ ಅದು ತುಂಬಾ ಒಳ್ಳೆ ಪ್ರಶ್ನೆ.

ಶೇರ್ಡ್ ಲೈಬ್ರರಿ ಅಂದರೆ ನಮ್ಮ ಕಡೆ ಗುಡಿಯ ಭಾಂಡೆ ಸಾಮಾನು ಇದ್ದ ಹಾಗೆ. ಮದುವೆಗೆ ಬೇಕಾಗುವ ದೊಡ್ಡ ಹಂಡೆ, ಕೊಪ್ಪರಿಗೆಯನ್ನು ಪ್ರತಿ ಮನೆಯವರೂ ಕೊಳ್ಳುವುದಿಲ್ಲ. ಗುಡಿಯ ಕೋಣೆಯಲ್ಲಿ ಒಂದು ಜೊತೆ ಇರುತ್ತದೆ, ಬೇಕಾದವರು ತಂದುಕೊಳ್ಳುತ್ತಾರೆ. ನಿಮ್ಮ ಪ್ರೋಗ್ರಾಂ ಫೈಲಿನೊಳಗೆ ಲೈಬ್ರರಿ ಇಲ್ಲ. “ನನಗೆ ಲಿಬ್‌ಟೆಸರಾಕ್ಟ್.ಎಸ್ಒ.5 ಬೇಕು” ಅನ್ನುವ ಚೀಟಿ ಮಾತ್ರ ಇದೆ. ಆ ಚೀಟಿಯಲ್ಲಿ ಹೆಸರಿದೆ, ವಿಳಾಸ ಇಲ್ಲ. ಪ್ರೋಗ್ರಾಂ ಶುರುವಾದಾಗ ಡೈನಮಿಕ್ ಲೋಡರ್ ಚೀಟಿ ಹಿಡಿದು ಹುಡುಕಲು ಹೊರಡುತ್ತದೆ. ಅದು ಇಡೀ ಡಿಸ್ಕ್ ಹುಡುಕುವುದಿಲ್ಲ. ಅದಕ್ಕೆ ಗೊತ್ತಿರುವ ಕೆಲವೇ ಜಾಗಗಳಿವೆ, ಆ ಕ್ರಮದಲ್ಲೇ ನೋಡುತ್ತದೆ.

ಮೊದಲು ಫೈಲಿನೊಳಗೆ ಬರೆದಿಟ್ಟ ಹುಡುಕುವ ದಾರಿ, ಅಂದರೆ ಆರ್‌ಪಾತ್. ಆಮೇಲೆ ಎಲ್‌ಡಿ_ಲೈಬ್ರರಿ_ಪಾತ್. ಅದಾದ ಮೇಲೆ ಫೈಲಿನೊಳಗಿನ ರನ್‌ಪಾತ್, ಅದು ಅಂಥದ್ದೇ ದಾರಿಯ ಹೊಸ ರೂಪ. ಆಮೇಲೆ /ಇಟಿಸಿ ಒಳಗಿನ ಎಲ್‌ಡಿ.ಎಸ್ಒ.ಕ್ಯಾಶ್. ಕೊನೆಗೆ /ಲಿಬ್ ಮತ್ತು /ಯುಎಸ್ಆರ್/ಲಿಬ್. ಒಂದೇ ಫೈಲಿನಲ್ಲಿ ರನ್‌ಪಾತ್ ಇದ್ದರೆ ಅದರ ಆರ್‌ಪಾತ್ ಲೆಕ್ಕಕ್ಕಿಲ್ಲ. ನಿಮ್ಮ ಹೋಮಿನ .ಲೋಕಲ್/ಲಿಬ್ ಈ ಯಾವ ಪಟ್ಟಿಯಲ್ಲೂ ತಾನಾಗಿ ಬರುವುದಿಲ್ಲ. ಹಾಗಾಗಿ ‘ಫೈಲ್ ಇಲ್ಲ’ ಅಂದರೆ ನಿಮ್ಮ ಡಿಸ್ಕಿನಲ್ಲಿ ಇಲ್ಲ ಅಂತಲ್ಲ, ನಾನು ನೋಡಿದ ಜಾಗದಲ್ಲಿ ಇಲ್ಲ ಅಂತ.

ಹೈಫನ್ ದೊಡ್ಡ ಎಲ್ ವಿಷಯ. ಅದು ಲಿಂಕರ್‌ಗೆ ಹೇಳಿದ ಮಾತು. ಲಿಂಕರ್ ಬಿಲ್ಡ್ ಸಮಯದಲ್ಲಿ ಕೆಲಸ ಮುಗಿಸಿ ಮನೆಗೆ ಹೋಗುತ್ತದೆ. ಲೋಡರ್ ಬೇರೆ, ಅದು ಪ್ರತಿ ಸಲ ಪ್ರೋಗ್ರಾಂ ಓಡುವಾಗ ಬರುತ್ತದೆ. ಲಿಂಕರ್‌ಗೆ ಹೇಳಿದ್ದನ್ನು ಲೋಡರ್ ಕೇಳಿಸಿಕೊಂಡಿರುವುದಿಲ್ಲ. ನೂರಕ್ಕೆ ತೊಂಬತ್ತು ಜನ ಎಡವುವುದು ಇಲ್ಲೇ, ಯಾಕೆಂದರೆ ಎರಡರ ಹೆಸರೂ ಎಲ್‌ಡಿಯಿಂದಲೇ ಶುರು.

ಈಗ ಎರಡು ಕೆಲಸ ಮಾಡಿ. ಬಿಲ್ಡ್ ಫೋಲ್ಡರಿನ ಪುಟನೋಟ, ಇನ್‌ಸ್ಟಾಲ್ ಆದ ಪುಟನೋಟ, ಎರಡರ ಮೇಲೂ ‘ರೀಡ್‌ಎಲ್ಫ್ -ಡಿ’ (ಫೈಲಿನೊಳಗಿನ ಚೀಟಿ, ವಿಳಾಸ ತೋರಿಸುವ ಕಮಾಂಡ್) ಓಡಿಸಿ, ರನ್‌ಪಾತ್ ಅನ್ನುವ ಸಾಲು ಇದೆಯಾ ನೋಡಿ. ಹಾಗೇ ಇನ್‌ಸ್ಟಾಲ್ ಮಾಡುವಾಗ ಪರದೆಯ ಮೇಲೆ ಬಂದ ಸಾಲುಗಳನ್ನು ಪೂರ್ತಿ ಓದಿ ಇಲ್ಲಿ ಹಾಕಿ.

ವಿದ್ಯಾಗಿರಿ_ಫೆಡೋರಾ (ಧಾರವಾಡ) · ಬುಧವಾರ ಬೆಳಿಗ್ಗೆ 9:15

ಸುಡೊ ಇರುವವರಿಗೆ ಒಂದು ಮಾತು ಸೇರಿಸುತ್ತೇನೆ, ಮುಂದೆ ಹುಡುಕಿಕೊಂಡು ಬಂದವರಿಗೆ ಬೇಕಾಗುತ್ತದೆ. ಲೈಬ್ರರಿಯನ್ನು /ಯುಎಸ್ಆರ್/ಲೋಕಲ್‌ಗೆ ಹಾಕಿದ್ದರೆ ಉಬುಂಟುವಿನಲ್ಲಿ ‘ಸುಡೊ ಎಲ್‌ಡಿಕಾನ್ಫಿಗ್’ ಒಂದು ಸಲ ಓಡಿಸಿದರೆ ಸಾಕು. ಕೆರೆದಂಡೆಯವರ ಲೆಕ್ಕದಲ್ಲಿ ಹೇಳುವುದಾದರೆ ಹೊಸ ಹಂಡೆಯನ್ನು ಗುಡಿಯ ಕೋಣೆಯಲ್ಲಿ ಇಟ್ಟಿದ್ದೀರಿ, ದಪ್ತರದಲ್ಲಿ ಬರೆಸಿಲ್ಲ. ಲೋಡರ್ ನೋಡುವುದು ದಪ್ತರವನ್ನು, ಅಂದರೆ ಕ್ಯಾಶ್ ಫೈಲನ್ನು. ಎಲ್‌ಡಿಕಾನ್ಫಿಗ್ ಆ ದಪ್ತರ ಹೊಸದಾಗಿ ಬರೆಯುತ್ತದೆ. ಬರೆದಿದೆಯಾ ಅಂತ ನೋಡಲು ‘ಎಲ್‌ಡಿಕಾನ್ಫಿಗ್ -ಪಿ’ ಹೊಡೆದು ಅದರಲ್ಲಿ ನಿಮ್ಮ ಲೈಬ್ರರಿ ಹೆಸರು ಹುಡುಕಿ.

ಫೆಡೋರಾದಲ್ಲಿ ಅಷ್ಟೇ ಸಾಲದು. ಅಲ್ಲಿ /ಯುಎಸ್ಆರ್/ಲೋಕಲ್/ಲಿಬ್ ದಪ್ತರದ ಜಾಗಗಳ ಪಟ್ಟಿಯಲ್ಲೇ ಇರುವುದಿಲ್ಲ. ಜೊತೆಗೆ ಸಿಮೇಕ್ ಅಲ್ಲಿ ಲಿಬ್64 ಅನ್ನುವ ಫೋಲ್ಡರಿಗೆ ಹಾಕಿರುತ್ತದೆ. /ಇಟಿಸಿ/ಎಲ್‌ಡಿ.ಎಸ್ಒ.ಕಾನ್ಫ್.ಡಿ ಒಳಗೆ ಒಂದು .ಕಾನ್ಫ್ ಫೈಲ್ ಮಾಡಿ, ಅದರಲ್ಲಿ ಆ ದಾರಿಯನ್ನು ಒಂದು ಸಾಲು ಬರೆದು, ಆಮೇಲೆ ಎಲ್‌ಡಿಕಾನ್ಫಿಗ್ ಓಡಿಸಬೇಕು. ನನಗೆ ಇದು ಗೊತ್ತಾಗಲು ಒಂದು ಪೂರ್ತಿ ಭಾನುವಾರ ಹೋಗಿದೆ.

ಸಪ್ತಾಪುರ_ಓದುಗ · ಬುಧವಾರ ಸಂಜೆ 5:30

ಕೆರೆದಂಡೆ ಸರ್, ನೋಡಿದೆ. ಬಿಲ್ಡ್ ಫೋಲ್ಡರಿನ ಫೈಲಿನಲ್ಲಿ ರನ್‌ಪಾತ್ ಸಾಲು ಇದೆ, ನನ್ನ ಹೋಮಿನ .ಲೋಕಲ್/ಲಿಬ್ ದಾರಿಯೇ ಇದೆ. ಇನ್‌ಸ್ಟಾಲ್ ಆದದ್ದರಲ್ಲಿ ಆ ಸಾಲೇ ಇಲ್ಲ! ಇನ್‌ಸ್ಟಾಲ್ ಮಾಡುವಾಗ “ಸೆಟ್ ರನ್‌ಟೈಮ್ ಪಾತ್ ಆಫ್” ಅಂತ ಶುರುವಾಗಿ ಕೊನೆಗೆ ಖಾಲಿ ಉದ್ಧರಣ ಚಿಹ್ನೆ ಇರುವ ಒಂದು ಸಾಲು ಬಂದಿತ್ತು. ಇಷ್ಟು ದಿನ ಕಣ್ಣಿಗೆ ಬಿದ್ದರೂ ಓದಿರಲಿಲ್ಲ.

ಉಣಕಲ್_ಕೆರೆದಂಡೆ · ಬುಧವಾರ ರಾತ್ರಿ 8:20

ಅದೇ ಸಾಲು. ಸಿಮೇಕ್ ಬಿಲ್ಡ್ ಮಾಡುವಾಗ ನಿಮಗೆ ಪರೀಕ್ಷೆ ಮಾಡಲು ಅನುಕೂಲ ಆಗಲಿ ಅಂತ ತಾನೇ ರನ್‌ಪಾತ್ ಬರೆದಿಡುತ್ತದೆ. ಇನ್‌ಸ್ಟಾಲ್ ಮಾಡುವಾಗ ಅಳಿಸಿ ಹಾಕುತ್ತದೆ. ಅದರ ಲೆಕ್ಕ ಏನೆಂದರೆ, ಇನ್‌ಸ್ಟಾಲ್ ಆದ ಫೈಲ್ ಬೇರೆ ಕಡೆ ಹೋಗಬಹುದು, ಬಿಲ್ಡ್ ಮಾಡಿದವರ ಮನೆಯ ವಿಳಾಸ ಅದರಲ್ಲಿ ಇರಬಾರದು. ಸರಿಯಾದ ಲೆಕ್ಕವೇ. ಆದರೆ ಅಳಿಸಿದ ಮೇಲೆ ಯಾವ ವಿಳಾಸ ಬರೆಯಬೇಕು ಅಂತ ನಾವು ಹೇಳಬೇಕು.

ನಿಮ್ಮ ಟೆಸರಾಕ್ಟ್ ಕಮಾಂಡ್ ಯಾಕೆ ತಕರಾರಿಲ್ಲದೆ ಓಡಿತು ಅಂತಲೂ ಈಗ ಗೊತ್ತಾಗುತ್ತದೆ. ಅದನ್ನು ಕಾನ್ಫಿಗರ್-ಮೇಕ್ ದಾರಿಯಲ್ಲಿ ಬಿಲ್ಡ್ ಮಾಡಿದಿರಿ, ಅಲ್ಲಿ ಲೈಬ್ರರಿ ಜೋಡಿಸುವ ಲಿಬ್‌ಟೂಲ್ ಇದೆ. ಲೈಬ್ರರಿ ಹೋಗುವ ಫೋಲ್ಡರ್ ಸಿಸ್ಟಮ್ಮಿನ ಪಟ್ಟಿಯಲ್ಲಿ ಇಲ್ಲದಿದ್ದರೆ ಲಿಬ್‌ಟೂಲ್ ತಾನೇ ವಿಳಾಸ ಬರೆದುಬಿಡುತ್ತದೆ.

ಪುಟನೋಟದ ಸಿಮೇಕ್‌ಲಿಸ್ಟ್ಸ್ ಫೈಲಿನಲ್ಲಿ, ಟಾರ್ಗೆಟ್ ಬರುವ ಮೊದಲೇ, ಸಿಮೇಕ್_ಇನ್‌ಸ್ಟಾಲ್_ಆರ್‌ಪಾತ್ ಅನ್ನುವುದಕ್ಕೆ ‘$ಒರಿಜಿನ್/../ಲಿಬ್’ ಅಂತ ಬೆಲೆ ಕೊಡಿ. ಒರಿಜಿನ್ ಅಂದರೆ ಓಡುತ್ತಿರುವ ಫೈಲ್ ಎಲ್ಲಿದೆಯೋ ಆ ಫೋಲ್ಡರ್. ಪುಟನೋಟ ಬಿನ್‌ನಲ್ಲಿದ್ದರೆ ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಹತ್ತಿ ಲಿಬ್‌ಗೆ ಹೋಗು ಅಂತ ಅರ್ಥ. “ಸಪ್ತಾಪುರ, ಮೂರನೇ ಕ್ರಾಸ್, ಇಂಥ ಮನೆ” ಅಂತ ಬರೆಯುವ ಬದಲು “ನಮ್ಮ ಪಕ್ಕದ ಮನೆ” ಅಂತ ಬರೆದ ಹಾಗೆ. ಇಬ್ಬರೂ ಜೊತೆಗೇ ಊರು ಬಿಟ್ಟರೂ ಅದು ಸುಳ್ಳಾಗುವುದಿಲ್ಲ.

ಫೈಲಿನಲ್ಲಿ ಬರೆಯದೆ ಕಮಾಂಡಿನ ಜೊತೆ ಕೊಡುವುದಾದರೆ ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಿ. ಇಲ್ಲದಿದ್ದರೆ ಶೆಲ್ ಡಾಲರ್ ಚಿಹ್ನೆ ನೋಡಿ ಅದನ್ನು ತನ್ನ ವೇರಿಯಬಲ್ ಅಂದುಕೊಂಡು ನುಂಗಿಬಿಡುತ್ತದೆ, ಕೊನೆಗೆ ‘/../ಲಿಬ್’ ಅಷ್ಟೇ ಉಳಿಯುತ್ತದೆ. ಎರರ್ ಏನೂ ಬರುವುದಿಲ್ಲ, ಸುಮ್ನೆ ತಪ್ಪು ವಿಳಾಸ ಹೋಗಿ ಕೂರುತ್ತದೆ. ಮಾಡಿದ ಮೇಲೆ ರೀಡ್‌ಎಲ್ಫ್‌ನಿಂದ ಮತ್ತೆ ನೋಡಿಯೇ ಮುಂದೆ ಹೋಗಿ.

ಈಗ ಬೆಟಗೇರಿ ಅಣ್ಣನ ಸಾಲಿನ ವಿಷಯ. ಅಣ್ಣಾ, ಬೇಜಾರು ಮಾಡಿಕೊಳ್ಳಬೇಡಿ, ನಾನು ಇದನ್ನು ಪೆಟ್ಟು ತಿಂದು ಕಲಿತದ್ದು. ಕೆಲವು ವರ್ಷದ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ಪೈಥಾನ್ ಕಟ್ಟಿನ ಲಿಬ್ ಫೋಲ್ಡರನ್ನು ಎಲ್ಲರ ಬ್ಯಾಷ್‌ಆರ್‌ಸಿಯಲ್ಲೂ ಹಾಕಿದ್ದೆ. ಒಂದು ಪ್ರೋಗ್ರಾಂ ಓಡಲಿ ಅಂತ ಹಾಕಿದ್ದು. ಆದರೆ ಆ ವೇರಿಯಬಲ್ ಆ ಟರ್ಮಿನಲ್ಲಿನಿಂದ ಹೊರಡುವ ಎಲ್ಲ ಪ್ರೋಗ್ರಾಂಗಳಿಗೂ ತಗಲುತ್ತದೆ. ಮರುದಿನ ಬ್ಯಾಷ್ ತೆರೆದರೇ “ಲಿಬ್‌ಟಿಇನ್ಫೊ.ಎಸ್ಒ.6: ನೋ ವರ್ಷನ್ ಇನ್ಫರ್ಮೇಷನ್ ಅವೈಲಬಲ್” ಅಂತ ಶುರುವಾಯಿತು. ಬ್ಯಾಷ್ ತನ್ನ ಲೈಬ್ರರಿ ಬಿಟ್ಟು ಪೈಥಾನ್ ಕಟ್ಟಿನ ಲೈಬ್ರರಿ ಎತ್ತಿಕೊಂಡಿತ್ತು. ಅದು ಬರೀ ಎಚ್ಚರಿಕೆ. ಅದರ ಮರುದಿನ ಗಿಟ್ ಕೆಲಸ ನಿಲ್ಲಿಸಿತು, ಆರು ಜನರ ಅರ್ಧ ದಿನ ಹೋಯಿತು.

ಇನ್ನೊಂದು ಸೂಕ್ಷ್ಮ ಇದೆ. ಎಲ್ಲರೂ ಆ ಸಾಲನ್ನು “ಹೊಸ ದಾರಿ, ಕೋಲನ್, ಹಳೆಯ ಬೆಲೆ” ಅಂತ ಬರೆಯುತ್ತಾರೆ. ಹಳೆಯ ಬೆಲೆ ಖಾಲಿ ಇದ್ದರೆ ಕೊನೆಯಲ್ಲಿ ಕೋಲನ್ ಒಂದೇ ಉಳಿಯುತ್ತದೆ. ಲೋಡರ್ ಆ ಖಾಲಿ ಜಾಗವನ್ನು ‘ಈಗ ನಿಂತಿರುವ ಫೋಲ್ಡರ್’ ಅಂತ ಓದುತ್ತದೆ. ನೀವು ಡೌನ್‌ಲೋಡ್ಸ್ ಒಳಗೆ ನಿಂತಿದ್ದರೆ ಅಲ್ಲಿ ಬಿದ್ದಿರುವ ಯಾವುದೋ ಲೈಬ್ರರಿಯನ್ನು ಎತ್ತಿಕೊಳ್ಳಬಹುದು. ಹಂಚಿಕೊಂಡ ಲ್ಯಾಬ್ ಯಂತ್ರದಲ್ಲಿ ಇದು ಅಪಾಯ.

ಒಂದೇ ಸಲ ಪರೀಕ್ಷೆ ಮಾಡಲು ಕಮಾಂಡಿನ ಮುಂದೆ ಹಾಕಿ ಓಡಿಸಿ, ಅದು ಪೂರ್ತಿ ಸರಿ. ಆ ಒಂದು ಓಟಕ್ಕೆ ಮಾತ್ರ ತಗಲುತ್ತದೆ.

ಬೆಟಗೇರಿ_ಪ್ರೆಸ್ · ಬುಧವಾರ ರಾತ್ರಿ 9:45

ಬೇಜಾರು ಏನಿಲ್ಲರೀ. ಒಂದು ಕೇಳಬೇಕು. ನಾನು ರಾತ್ರಿ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ತಾನೇ ಓಡಿಸುವ ವ್ಯವಸ್ಥೆ) ಒಂದು ಸ್ಕ್ರಿಪ್ಟ್ ಇಟ್ಟಿದ್ದೇನೆ, ಹಗಲು ಮೆಷಿನ್ ಪ್ರೆಸ್ ಕೆಲಸಕ್ಕೆ ಬೇಕು. ಕೈಯಿಂದ ಓಡಿಸಿದರೆ ಓಡುತ್ತದೆ, ಕ್ರಾನ್‌ನಲ್ಲಿ ಬೆಳಿಗ್ಗೆ ನೋಡಿದರೆ ಏನೂ ಆಗಿರುವುದಿಲ್ಲ. ಇದಕ್ಕೂ ಇದೇ ಕಾರಣವಾ?

ಉಣಕಲ್_ಕೆರೆದಂಡೆ · ಬುಧವಾರ ರಾತ್ರಿ 10:10

ಅದೇ ಕಾರಣ ಇರಬೇಕು. ಕ್ರಾನ್ ನಿಮ್ಮ ಬ್ಯಾಷ್‌ಆರ್‌ಸಿ ಓದುವುದಿಲ್ಲ. ಹಿನ್ನೆಲೆಯಲ್ಲಿ ಓಡುವ ಸಿಸ್ಟಮ್‌ಡಿ ಸರ್ವಿಸ್ ಕೂಡ ಓದುವುದಿಲ್ಲ. ಸುಡೊ ಹಾಕಿ ಓಡಿಸಿದರೆ ಆ ವೇರಿಯಬಲ್ ದಾರಿಯಲ್ಲೇ ಉದುರಿ ಹೋಗುತ್ತದೆ. ವಿಳಾಸ ಫೈಲಿನೊಳಗೇ ಇದ್ದರೆ ಯಾರು ಓಡಿಸಿದರೂ, ಎಷ್ಟು ಹೊತ್ತಿಗೆ ಓಡಿಸಿದರೂ ಒಂದೇ. ಸದ್ಯಕ್ಕೆ ಕ್ರಾನ್ ಸಾಲಿನ ಔಟ್‌ಪುಟ್ಟನ್ನು ಒಂದು ಲಾಗ್ ಫೈಲಿಗೆ ತಿರುಗಿಸಿ, ಎರರ್ ಏನಿದೆ ಅಂತ ಕಣ್ಣಾರೆ ನೋಡಿ.

ಸಪ್ತಾಪುರ_ಓದುಗ · ಗುರುವಾರ ಮಧ್ಯಾಹ್ನ 1:15

ಓಡಿತು! ಇನ್‌ಸ್ಟಾಲ್ ಆದ ಪುಟನೋಟದಲ್ಲಿ ಈಗ ರನ್‌ಪಾತ್ ‘$ಒರಿಜಿನ್/../ಲಿಬ್’ ಅಂತ ಇದೆ. ಒಂದು ಹಳೆ ಪಂಚಾಂಗದ 12 ಪುಟ ಓದಿಸಿದೆ, ಒತ್ತಕ್ಷರ ಕೂಡ ಜಾಸ್ತಿ ಕಡೆ ಸರಿ ಬಂದಿದೆ. ಕೆರೆದಂಡೆ ಸರ್, ತುಂಬಾ ಉಪಕಾರವಾಯಿತು.

ಬಿನ್, ಲಿಬ್, ಕನ್ನಡದ ಟ್ರೇನ್ಡ್‌ಡೇಟಾ (ಟೆಸರಾಕ್ಟ್‌ಗೆ ಕನ್ನಡ ಅಕ್ಷರ ಗುರುತಿಸಲು ಬೇಕಾದ ಫೈಲ್) ಎಲ್ಲ ಸೇರಿಸಿ ಒಂದು ಟಾರ್ ಫೈಲ್ ಮಾಡಿ ಬೆಟಗೇರಿ ಅಣ್ಣನಿಗೆ ಕಳಿಸಿದ್ದೇನೆ. ಅವರದೂ 22.04, ಹಾಗಾಗಿ ಸುಮ್ನೆ ಬಿಚ್ಚಿ ಓಡಿಸಿದರೆ ಸಾಕು ಅಂದುಕೊಂಡಿದ್ದೇನೆ.

ಬೆಟಗೇರಿ_ಪ್ರೆಸ್ · ಗುರುವಾರ ಸಂಜೆ 6:00

ಬಿಚ್ಚಿದೆ, ಓಡಿಸಿದೆ. ಈಗ ಎರರ್ ಬೇರೆ ಹೆಸರು ಹೇಳುತ್ತಿದೆ. ಲಿಬ್‌ಟೆಸರಾಕ್ಟ್ ಅಲ್ಲ, ‘ಲಿಬ್‌ಲೆಪ್ಟೋನಿಕಾ.ಎಸ್ಒ.6’ ಸಿಗಲಿಲ್ಲ ಅಂತ. ಆದರೆ ಅದೂ ಅದೇ ಲಿಬ್ ಫೋಲ್ಡರಿನಲ್ಲಿ, ಲಿಬ್‌ಟೆಸರಾಕ್ಟ್ ಪಕ್ಕದಲ್ಲೇ ಇದೆ. ಒಂದು ಸಿಕ್ಕಿ ಪಕ್ಕದ್ದು ಸಿಗುವುದಿಲ್ಲ ಅಂದರೆ ಏನು?

ಸಪ್ತಾಪುರ_ಓದುಗ · ಗುರುವಾರ ಸಂಜೆ 6:20

ನನ್ನ ಯಂತ್ರದಲ್ಲಿ ಈಗಲೂ ಓಡುತ್ತಿದೆ. ಅದೇ ಫೈಲುಗಳು. ನನಗೂ ತಿಳಿಯುತ್ತಿಲ್ಲ.

ವಿದ್ಯಾಗಿರಿ_ಫೆಡೋರಾ · ಗುರುವಾರ ಸಂಜೆ 7:05

ಬೆಟಗೇರಿ ಅಣ್ಣಾ, ಪುಟನೋಟ ಓಡಿಸುವ ಕಮಾಂಡಿನ ಮುಂದೆ ‘ಎಲ್‌ಡಿ_ಡೀಬಗ್=ಲಿಬ್ಸ್’ ಅಂತ ಸೇರಿಸಿ ಓಡಿಸಿ. ಲೋಡರ್ ಯಾವ ಲೈಬ್ರರಿ ಹುಡುಕಿತು, ಯಾವ ಫೋಲ್ಡರ್ ನೋಡಿತು, ಆ ಫೋಲ್ಡರ್ ನೋಡು ಅಂತ ಯಾವ ಫೈಲ್ ಹೇಳಿತು, ಎಲ್ಲವನ್ನೂ ಸಾಲು ಸಾಲಾಗಿ ಹೇಳುತ್ತದೆ. ಊಹೆ ಮಾಡುತ್ತಾ ಕೂರುವುದಕ್ಕಿಂತ ಅದು ಹೋದ ದಾರಿಯನ್ನೇ ನೋಡುವುದು ಒಳ್ಳೆಯದು ಅಲ್ವಾ. ಲೆಪ್ಟೋನಿಕಾ ಹೆಸರು ಬಂದ ಕಡೆಯಿಂದ ಹತ್ತು ಸಾಲು ಇಲ್ಲಿ ಹಾಕಿ.

ಬೆಟಗೇರಿ_ಪ್ರೆಸ್ · ಗುರುವಾರ ರಾತ್ರಿ 8:30

ಹಾಕಿದೆ ಅಕ್ಕಾ. ಅದರಲ್ಲಿ “ಸರ್ಚ್ ಪಾತ್” ಅಂತ ಸಪ್ತಾಪುರದ ತಮ್ಮನ ಹೋಮ್ ಫೋಲ್ಡರಿನ ದಾರಿ ಬಂದಿದೆ, ಮುಂದೆ “ರನ್‌ಪಾತ್ ಫ್ರಮ್ ಫೈಲ್” ಅಂತ ಲಿಬ್‌ಟೆಸರಾಕ್ಟ್ ಹೆಸರು. ನನ್ನ ಮೆಷಿನ್‌ನಲ್ಲಿ ಆ ಹೋಮ್ ಫೋಲ್ಡರ್ ಎಲ್ಲಿಂದ ಬರಬೇಕು?

ಉಣಕಲ್_ಕೆರೆದಂಡೆ · ಗುರುವಾರ ರಾತ್ರಿ 9:00

ಸಿಕ್ಕಿತು. ವಿದ್ಯಾಗಿರಿ ಅಕ್ಕ ಸರಿಯಾದ ಕಡೆ ಕೈ ಹಾಕಿಸಿದರು.

ಲೆಪ್ಟೋನಿಕಾ ಬೇಕಾಗಿರುವುದು ಪುಟನೋಟಕ್ಕಲ್ಲ, ಲಿಬ್‌ಟೆಸರಾಕ್ಟ್‌ಗೆ. ರನ್‌ಪಾತ್‌ನ ನಿಯಮ ಏನೆಂದರೆ ಅದು ಯಾವ ಫೈಲಿನಲ್ಲಿದೆಯೋ ಆ ಫೈಲಿನ ನೇರ ಬೇಡಿಕೆಗೆ ಮಾತ್ರ ನಡೆಯುತ್ತದೆ. ಪುಟನೋಟದ ರನ್‌ಪಾತ್‌ನಿಂದ ಲಿಬ್‌ಟೆಸರಾಕ್ಟ್ ಸಿಕ್ಕಿತು. ಲಿಬ್‌ಟೆಸರಾಕ್ಟ್ ತನಗೆ ಬೇಕಾದದ್ದನ್ನು ಹುಡುಕುವಾಗ ತನ್ನ ಸ್ವಂತ ರನ್‌ಪಾತ್ ನೋಡುತ್ತದೆ. ಅದರಲ್ಲಿ ಲಿಬ್‌ಟೂಲ್ ಬರೆದಿಟ್ಟ ಧಾರವಾಡದ ಹೋಮ್ ದಾರಿ ಇದೆ. ಧಾರವಾಡದ ಯಂತ್ರದಲ್ಲಿ ಆ ದಾರಿ ನಿಜ, ಹಾಗಾಗಿ ಅಲ್ಲಿ ಓಡಿತು. ಗದಗದಲ್ಲಿ ಆ ದಾರಿ ಇಲ್ಲ.

ಕೆಲವರು ಇಲ್ಲಿ ‘ಡಿಸೇಬಲ್-ನ್ಯೂ-ಡಿಟ್ಯಾಗ್ಸ್’ ಅನ್ನುವ ಲಿಂಕರ್ ಆಯ್ಕೆ ಕೊಟ್ಟು ಪುಟನೋಟದಲ್ಲಿ ರನ್‌ಪಾತ್ ಬದಲು ಹಳೆಯ ಆರ್‌ಪಾತ್ ಹಾಕಿ ಅನ್ನುತ್ತಾರೆ. ಆರ್‌ಪಾತ್ ಕೆಳಗಿನ ಲೈಬ್ರರಿಗಳಿಗೂ ನಡೆಯುತ್ತದೆ, ನಿಜ. ಆದರೆ ನಿಮ್ಮ ವಿಷಯದಲ್ಲಿ ಅದೂ ನಡೆಯುವುದಿಲ್ಲ. ಯಾವ ಲೈಬ್ರರಿ ಇನ್ನೊಂದನ್ನು ಕೇಳುತ್ತಿದೆಯೋ ಅದರಲ್ಲೇ ರನ್‌ಪಾತ್ ಇದ್ದರೆ ಮೇಲಿನವರ ಆರ್‌ಪಾತ್ ಯಾವುದನ್ನೂ ಲೋಡರ್ ನೋಡುವುದಿಲ್ಲ. ಲಿಬ್‌ಟೆಸರಾಕ್ಟ್‌ನಲ್ಲಿ ರನ್‌ಪಾತ್ ಇದೆ. ಹಾಗಾಗಿ ರೋಗ ಇರುವ ಕಡೆಯೇ ಮದ್ದು ಹಾಕಬೇಕು.

ಸಪ್ತಾಪುರದವರೇ, ‘ಪ್ಯಾಚ್‌ಎಲ್ಫ್’ ಅನ್ನುವ ಸಣ್ಣ ಉಪಕರಣ ತಗೊಳ್ಳಿ. ಮತ್ತೆ ಬಿಲ್ಡ್ ಮಾಡುವುದು ಬೇಡ. ‘ಪ್ಯಾಚ್‌ಎಲ್ಫ್ --ಸೆಟ್-ಆರ್‌ಪಾತ್’ ಮುಂದೆ ಒಂಟಿ ಉದ್ಧರಣದಲ್ಲಿ ‘$ಒರಿಜಿನ್’ ಅಷ್ಟೇ ಬರೆದು, ಲಿಬ್‌ಟೆಸರಾಕ್ಟ್ ಫೈಲಿನ ಹೆಸರು ಕೊಡಿ. ಲೆಪ್ಟೋನಿಕಾ ಅದೇ ಫೋಲ್ಡರಿನಲ್ಲಿ ಇರುವುದರಿಂದ ಇಲ್ಲಿ ಮೇಲೆ ಹತ್ತುವುದು ಬೇಡ. ಹೆಸರು ‘ಸೆಟ್-ಆರ್‌ಪಾತ್’ ಅಂತ ಇದ್ದರೂ ಅದು ಬರೆಯುವುದು ರನ್‌ಪಾತ್‌ನ್ನೇ, ಗಾಬರಿಯಾಗಬೇಡಿ.

ಇನ್ನು ಮುಂದೆ ಬೇರೆಯವರಿಗೆ ಕೊಡುವ ಮೊದಲು ನಿಮ್ಮ .ಲೋಕಲ್ ಫೋಲ್ಡರಿನ ಹೆಸರು ತಾತ್ಕಾಲಿಕವಾಗಿ ಬದಲಿಸಿ, ಟಾರ್ ಬಿಚ್ಚಿದ ಜಾಗದಿಂದ ಓಡಿಸಿ ನೋಡಿ. ಮನೆಯಲ್ಲಿ ಎಲ್ಲವೂ ಇದ್ದಾಗ ಏನು ಮರೆತಿದ್ದೇವೆ ಅಂತ ಗೊತ್ತಾಗುವುದಿಲ್ಲ.

ಸಪ್ತಾಪುರ_ಓದುಗ · ಶುಕ್ರವಾರ ಬೆಳಿಗ್ಗೆ 11:30

ಮಾಡಿದೆ. ಹೆಸರು ಬದಲಿಸಿಯೇ ಪರೀಕ್ಷೆ ಮಾಡಿದೆ. ಓಡಿತು. ಹೊಸ ಟಾರ್ ಕಳಿಸಿದ್ದೇನೆ.

ಬೆಟಗೇರಿ_ಪ್ರೆಸ್ · ಶುಕ್ರವಾರ ಮಧ್ಯಾಹ್ನ 3:10

ಗದಗದಲ್ಲೂ ಓಡಿತು. ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದ್ದೇನೆ.

ಹಾವೇರಿ_ಮಾಸ್ತರ್ (ಹಾವೇರಿ) · ಶುಕ್ರವಾರ ರಾತ್ರಿ 9:20

ನಾನೂ ಬೆಟಗೇರಿಯವರಿಂದ ಟಾರ್ ತರಿಸಿಕೊಂಡೆ. ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಉಬುಂಟು 20.04 ಇದೆ. ‘ಲಿಬ್‌ವೆಬ್‌ಪಿ.ಎಸ್ಒ.7’ ಸಿಗಲಿಲ್ಲ ಅಂತ ಬಂತು. ಹುಡುಕಿದೆ, ನಮ್ಮಲ್ಲಿ ಲಿಬ್‌ವೆಬ್‌ಪಿ.ಎಸ್ಒ.6 ಇದೆ. 6ಕ್ಕೆ 7 ಅಂತ ಒಂದು ಸಿಮ್‌ಲಿಂಕ್ (ಅದೇ ಫೈಲಿಗೆ ಕರೆದೊಯ್ಯುವ ಇನ್ನೊಂದು ಹೆಸರು) ಮಾಡಿದೆ. ಆ ಎರರ್ ಹೋಯಿತು, ಈಗ “ವರ್ಷನ್ ಗ್ಲಿಬ್‌ಸಿ_2.34 ನಾಟ್ ಫೌಂಡ್” ಅಂತ ಬರುತ್ತಿದೆ. ಇದಕ್ಕೂ ಸಿಮ್‌ಲಿಂಕ್ ಮಾಡಬಹುದಾ?

ಉಣಕಲ್_ಕೆರೆದಂಡೆ · ಶುಕ್ರವಾರ ರಾತ್ರಿ 9:35

ಮಾಸ್ತರ್, ದಯವಿಟ್ಟು ಅದನ್ನು ಮಾಡಬೇಡಿ. ಗ್ಲಿಬ್‌ಸಿ ಅಂದರೆ ಬಹುತೇಕ ಎಲ್ಲ ಪ್ರೋಗ್ರಾಂಗಳೂ ನಿಂತಿರುವ ಮೂಲ ಲೈಬ್ರರಿ, ಅದನ್ನು ಮುಟ್ಟಿದರೆ ‘ಎಲ್ಎಸ್’ ಕೂಡ ಓಡದ ಸ್ಥಿತಿಗೆ ಯಂತ್ರ ಹೋಗಬಹುದು. ಮೊದಲು ಆ ವೆಬ್‌ಪಿ ಸಿಮ್‌ಲಿಂಕ್ ತೆಗೆದುಹಾಕಿ.

.ಎಸ್ಒ ಆದ ಮೇಲೆ ಬರುವ ಅಂಕಿ ಸುಮ್ನೆ ಹಾಕಿದ್ದಲ್ಲ. 6 ಹೋಗಿ 7 ಆಯಿತು ಅಂದರೆ ಒಳಗಿನ ಜೋಡಣೆ ಬದಲಾಗಿದೆ, 7ಕ್ಕೆ ಬಿಲ್ಡ್ ಆದವರು 6 ಬಳಸಬಾರದು ಅಂತ ಲೈಬ್ರರಿ ಮಾಡಿದವರೇ ಹೇಳಿದ ಮಾತು. ಸಿಮ್‌ಲಿಂಕ್ ಹಾಕಿದರೆ ಲೋಡರ್ ನಂಬುತ್ತದೆ, ಅದು ಹೆಸರು ಮಾತ್ರ ನೋಡುವುದು. ಪ್ರೋಗ್ರಾಂ ಮಧ್ಯದಲ್ಲಿ ಬೀಳಬಹುದು. ಅದಕ್ಕಿಂತ ಕೆಟ್ಟದ್ದು, ಬೀಳದೆ ತಪ್ಪು ಫಲಿತಾಂಶ ಕೊಡಬಹುದು. ಹಳೆ ಪುಸ್ತಕದ ಅಕ್ಷರ ತೆಗೆಯುವ ಕೆಲಸದಲ್ಲಿ ಅದು ಯಾರ ಗಮನಕ್ಕೂ ಬರದೆ ಉಳಿದುಬಿಡುತ್ತದೆ.

ಗ್ಲಿಬ್‌ಸಿ ವಿಷಯ ಹೀಗೆ. 20.04ರಲ್ಲಿ ಇರುವುದು 2.31. 22.04ರಲ್ಲಿ 2.35. ಹೊಸದರ ಮೇಲೆ ಬಿಲ್ಡ್ ಮಾಡಿದ ಪ್ರೋಗ್ರಾಂ ಹಳೆಯದರ ಮೇಲೆ ಓಡುವುದಿಲ್ಲ. ಹಳೆಯದರ ಮೇಲೆ ಬಿಲ್ಡ್ ಮಾಡಿದ್ದು ಹೊಸದರ ಮೇಲೆ ಓಡುತ್ತದೆ, ಗ್ಲಿಬ್‌ಸಿಯವರು ಆ ಮಾತು ಉಳಿಸಿಕೊಂಡು ಬಂದಿದ್ದಾರೆ. ಇದಕ್ಕೆ ರನ್‌ಪಾತ್‌ನಲ್ಲಿ ಪರಿಹಾರ ಇಲ್ಲ. ನಿಮ್ಮ ಬಳಗದಲ್ಲಿ ಯಾರ ಯಂತ್ರ ಎಲ್ಲಕ್ಕಿಂತ ಹಳೆಯದೋ ಅದರ ಮೇಲೆ ಬಿಲ್ಡ್ ಮಾಡಿ ಎಲ್ಲರಿಗೂ ಕೊಡಬೇಕು.

ವಿದ್ಯಾಗಿರಿ_ಫೆಡೋರಾ · ಶುಕ್ರವಾರ ರಾತ್ರಿ 10:00

ಮಾಸ್ತರ್, 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ಮುಗಿದಿದೆ. ಸಾಧ್ಯವಾದರೆ 24.04ಕ್ಕೆ ಹೋಗಿ, ಅದರ ಪ್ಯಾಕೇಜಿನಲ್ಲೇ ಟೆಸರಾಕ್ಟ್ 5.3.4 ಇದೆ, ಅದನ್ನು ಸೋರ್ಸ್‌ನಿಂದ ಬಿಲ್ಡ್ ಮಾಡುವ ಕೆಲಸ ತಪ್ಪುತ್ತದೆ.

ಹಾವೇರಿ_ಮಾಸ್ತರ್ · ಶುಕ್ರವಾರ ರಾತ್ರಿ 10:15

ಗೊತ್ತು ಅಕ್ಕಾ. ಆದರೆ ಶಾಲೆಯ ಯಂತ್ರ, ನನ್ನ ಕೈಯಲ್ಲಿ ಇಲ್ಲ. ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಮಾಡೋಣ ಅಂದಿದ್ದಾರೆ. ಅಷ್ಟರಲ್ಲಿ ನಮ್ಮೂರಿನ ಒಂದು ಅಚ್ಚಾದ ಲಾವಣಿ ಪುಸ್ತಕ ಇದೆ, ಇದ್ದದ್ದು ಒಂದೇ ಪ್ರತಿ. ಅದನ್ನಾದರೂ ಮುಗಿಸಬೇಕು ಅಂತ ಆಸೆ. ಸಿಮ್‌ಲಿಂಕ್ ತೆಗೆದೆ.

ಸಪ್ತಾಪುರ_ಓದುಗ · ಶನಿವಾರ ಬೆಳಿಗ್ಗೆ 8:00

ಮಾಸ್ತರ್, ನಮ್ಮ ಮನೆಯಲ್ಲಿ 20.04 ಇರುವ ಹಳೆ ಲ್ಯಾಪ್‌ಟಾಪ್ ಇದೆ. ಇವತ್ತು ಅದರಲ್ಲೇ ಎಲ್ಲವನ್ನೂ ಮೊದಲಿನಿಂದ ಬಿಲ್ಡ್ ಮಾಡುತ್ತೇನೆ. ಟೆಸರಾಕ್ಟ್ 5ಕ್ಕೆ ಸಿ++17 ಬೇಕು, 20.04ರ ಜಿಸಿಸಿ 9ಕ್ಕೆ ಅದು ಬರುತ್ತದೆ. ಕೆರೆದಂಡೆ ಸರ್, ಅದರ ಮೇಲೆ ಬಿಲ್ಡ್ ಮಾಡಿದ್ದನ್ನೇ ಬೆಟಗೇರಿ ಅಣ್ಣನಿಗೂ ಕೊಡಬಹುದಲ್ಲವೇ? ಎರಡು ಟಾರ್ ಇಟ್ಟುಕೊಳ್ಳುವುದು ಬೇಡ ಅಂತ.

ಉಣಕಲ್_ಕೆರೆದಂಡೆ · ಶನಿವಾರ ಬೆಳಿಗ್ಗೆ 8:40

ಗ್ಲಿಬ್‌ಸಿ ಮಟ್ಟಿಗೆ ಕೊಡಬಹುದು. ಆದರೆ ವೆಬ್‌ಪಿ ಈಗ ಉಲ್ಟಾ ಹೊಡೆಯುತ್ತದೆ, ನೋಡಿ. 20.04ರಲ್ಲಿ ಬಿಲ್ಡ್ ಮಾಡಿದ ಲೆಪ್ಟೋನಿಕಾ ವೆಬ್‌ಪಿ 6 ಕೇಳುತ್ತದೆ, ಗದಗದಲ್ಲಿ ಇರುವುದು 7. ಮಾಸ್ತರ್ ಕಡೆ ಬಂದ ಎರರ್ ಅಣ್ಣನ ಕಡೆ ಹೋಗುತ್ತದೆ, ಅಷ್ಟೇ.

ನಿಮ್ಮ ಸ್ಕ್ಯಾನ್ ಎಲ್ಲ ಟಿಫ್ ಅಲ್ವಾ? ವೆಬ್‌ಪಿ ಚಿತ್ರ ನಿಮಗೆ ಬೇಕಾಗೇ ಇಲ್ಲ. ಲೆಪ್ಟೋನಿಕಾ ಕಾನ್ಫಿಗರ್ ಮಾಡುವಾಗ ‘--ವಿಥೌಟ್-ಲಿಬ್‌ವೆಬ್‌ಪಿ’ ಕೊಡಿ. ಟಿಫ್ ಲೈಬ್ರರಿ ಎರಡರಲ್ಲೂ ಲಿಬ್‌ಟಿಫ್.ಎಸ್ಒ.5, ಅದರ ಚಿಂತೆ ಇಲ್ಲ. ಬಳಸದ ಭಾಂಡೆಗೆ ಚೀಟಿ ಬರೆಯಬೇಡಿ. ಬಿಲ್ಡ್ ಆದ ಮೇಲೆ ಮೂರೂ ಫೈಲಿನ ಮೇಲೆ ರೀಡ್‌ಎಲ್ಫ್ ಓಡಿಸಿ ‘ನೀಡೆಡ್’ ಸಾಲುಗಳನ್ನು, ಅಂದರೆ ಆ ಚೀಟಿಗಳನ್ನು, ಒಂದೊಂದಾಗಿ ಓದಿ, ಇದು ನಮಗೆ ನಿಜವಾಗಿ ಬೇಕಾ ಅಂತ ಕೇಳಿಕೊಳ್ಳಿ.

ಮಾಸ್ತರ್, ಅಣ್ಣಾ, ನಿಮಗೂ ಒಂದು ಮಾತು. ಗುರುತಿಲ್ಲದ ಕಡೆಯಿಂದ ಬಂದ ಪ್ರೋಗ್ರಾಂ ಮೇಲೆ ‘ಎಲ್‌ಡಿಡಿ’ (ಯಾವ ಲೈಬ್ರರಿ ಎಲ್ಲಿ ಸಿಕ್ಕಿತು ಅಂತ ತೋರಿಸುವ ಕಮಾಂಡ್) ಓಡಿಸಬೇಡಿ, ಕೆಲವು ಸಲ ಅದು ಆ ಪ್ರೋಗ್ರಾಂನ್ನೇ ಓಡಿಸಿಬಿಡಬಹುದು. ಆಗ ರೀಡ್‌ಎಲ್ಫ್ ಬಳಸಿ, ಅದು ಬರೀ ಓದುತ್ತದೆ. ಸಪ್ತಾಪುರದವರ ಟಾರ್‌ಗೆ ಎಲ್‌ಡಿಡಿ ಪರವಾಗಿಲ್ಲ.

ಸಪ್ತಾಪುರ_ಓದುಗ · ಶನಿವಾರ ರಾತ್ರಿ 11:50

ಮುಗಿಯಿತು. ಮಧ್ಯದಲ್ಲಿ ಎರಡು ಸಲ ಕರೆಂಟ್ ಹೋಯಿತು, ಲ್ಯಾಪ್‌ಟಾಪಿನ ಬ್ಯಾಟರಿ ಹತ್ತು ನಿಮಿಷ ಕೂಡ ನಿಲ್ಲುವುದಿಲ್ಲ, ಹಾಗಾಗಿ ರಾತ್ರಿಯಾಯಿತು. ಲೆಪ್ಟೋನಿಕಾ ವೆಬ್‌ಪಿ ಇಲ್ಲದೆ, ಪುಟನೋಟದಲ್ಲಿ ‘$ಒರಿಜಿನ್/../ಲಿಬ್’, ಲಿಬ್‌ಟೆಸರಾಕ್ಟ್‌ನಲ್ಲಿ ‘$ಒರಿಜಿನ್’. ಮೂರರ ನೀಡೆಡ್ ಸಾಲುಗಳನ್ನೂ ಓದಿದೆ. ಪ್ಯಾಚ್‌ಎಲ್ಫ್ ಕೆಲಸವನ್ನು ಬಿಲ್ಡ್ ಸ್ಕ್ರಿಪ್ಟಿನಲ್ಲೇ ಸೇರಿಸಿದ್ದೇನೆ, ಮುಂದಿನ ಸಲ ಮರೆಯಬಾರದು ಅಂತ. ಇಬ್ಬರಿಗೂ ಒಂದೇ ಟಾರ್ ಕಳಿಸಿದ್ದೇನೆ.

ಹಾವೇರಿ_ಮಾಸ್ತರ್ · ಭಾನುವಾರ ಬೆಳಿಗ್ಗೆ 10:30

20.04ರ ಮೇಲೆ ಓಡಿತು. ಲಾವಣಿ ಪುಸ್ತಕದ ಮೊದಲ ಎಂಟು ಪುಟ ಬಂತು. ‘ಳ’ ಇದ್ದ ಕಡೆ ಕೆಲವು ಸಲ ‘ಳು’ ಓದಿದೆ, ಅದು ಹಳೆ ಮೊಳೆಯ ಮಸಿ ಹರಡಿದ್ದರಿಂದ ಇರಬೇಕು, ಕೈಯಿಂದ ತಿದ್ದುತ್ತೇನೆ.

ಬೆಟಗೇರಿ_ಪ್ರೆಸ್ · ಭಾನುವಾರ ಸಂಜೆ 7:40

ಹಳೆಯ ಟಾರ್ ಅಳಿಸಿ ಇದನ್ನು ಬಿಚ್ಚಿದೆ. ಎಲ್‌ಡಿಡಿ ನೋಡಿದೆ, ಒಂದು ಕಡೆಯೂ ‘ನಾಟ್ ಫೌಂಡ್’ ಇಲ್ಲ. ಬ್ಯಾಷ್‌ಆರ್‌ಸಿಯ ಆ ಸಾಲು ತೆಗೆದು, ಟರ್ಮಿನಲ್ ಹೊಸದಾಗಿ ತೆರೆದು ಮತ್ತೆ ನೋಡಿದೆ, ಓಡಿತು. ಈಗ ರಾತ್ರಿ ಕ್ರಾನ್‌ಗೆ ಅಜ್ಜನ ಪೆಟ್ಟಿಗೆಯ ಮೊದಲ ಪುಸ್ತಕ ಹಾಕಿದ್ದೇನೆ, ಲಾಗ್ ಫೈಲ್ ಕೂಡ ಇಟ್ಟಿದ್ದೇನೆ. ಬೆಳಿಗ್ಗೆ ಪ್ರೆಸ್ ಬಾಗಿಲು ತೆಗೆದ ಕೂಡಲೇ ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.

ಬೆಟಗೇರಿ_ಪ್ರೆಸ್ · ಸೋಮವಾರ ಬೆಳಿಗ್ಗೆ 9:05

96 ಪುಟ, ಪೂರ್ತಿ ಬಂದಿದೆ. ಲಾಗ್‌ನಲ್ಲಿ ಒಂದು ಎರರೂ ಇಲ್ಲ. ಕೊನೆಯ ಪುಟದಲ್ಲಿ ಮೊಳೆ ಜೋಡಿಸಿದವರ ಹೆಸರು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು, ಅದನ್ನೂ ಸರಿಯಾಗಿ ಓದಿದೆ. ನಮ್ಮ ಅಜ್ಜನ ಹೆಸರು.